ತೆರಿಗೆ ಕೇಳುವವನು ಯಾರ ಬಾಗಿಲಲ್ಲಿ ನಿಲ್ಲುತ್ತಿದ್ದ?

ಸಾಮ್ರಾಜ್ಯ ಅಂದ ಕೂಡಲೇ ನಮಗೆ ಯುದ್ಧ, ರಾಜರ ಹೆಸರು, ಇಸವಿ ನೆನಪಾಗುತ್ತವೆ. ಅದನ್ನೆಲ್ಲ ಇವತ್ತು ಪಕ್ಕಕ್ಕಿಡೋಣ. ನಾನು ಒಂದೇ ಒಂದು ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ. ದೊರೆಯ ಪರವಾಗಿ ತೆರಿಗೆ ಕೇಳಲು ಬಂದವನು ಯಾರ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ? ಅವನ ಹತ್ತಿರ ಚೌಕಾಸಿ ಮಾಡಲು ಆಗುತ್ತಿತ್ತಾ?

ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ವಿಜಯನಗರದಿಂದ ಈಸ್ಟ್ ಇಂಡಿಯಾ ಕಂಪನಿಯವರೆಗೆ ನಮ್ಮ ನಾಡನ್ನು ಆಳಿದವರನ್ನೆಲ್ಲ ಇದೇ ಪ್ರಶ್ನೆ ಕೇಳುತ್ತಾ ಹೋದರೆ, ಹಳೆಯ ಸಾಮ್ರಾಜ್ಯಗಳಿಗೂ ವಸಾಹತು ಆಡಳಿತಕ್ಕೂ ಇರುವ ವ್ಯತ್ಯಾಸ ಎಲ್ಲಿದೆ ಅನ್ನೋದು ಸಿಗುತ್ತದೆ.

ಮೊದಲು ವಿಜಯನಗರ. 1535ರ ಸುಮಾರಿಗೆ, ಅಚ್ಯುತರಾಯನ ಕಾಲದಲ್ಲಿ, ನೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿ ಅಲ್ಲಿದ್ದ. ವ್ಯಾಪಾರಿಯ ಕಣ್ಣು ನೋಡಿ, ದುಡ್ಡಿನ ಲೆಕ್ಕ ಚೆನ್ನಾಗಿ ಬರೆದಿದ್ದಾನೆ. ಅವನು ಹೇಳುವ ಪ್ರಕಾರ ಭೂಮಿಯೆಲ್ಲ ರಾಯನದು. ರಾಯ ಅದನ್ನು ನಾಯಕರಿಗೆ ಹಂಚಿದ್ದಾನೆ. ನಾಯಕರಿಗೆ ಬರುವ ಒಟ್ಟು ಆದಾಯ ನೂರಿಪ್ಪತ್ತು ಲಕ್ಷ ಪರ್ದಾವ್, ಅಂದರೆ ಆಗಿನ ಚಿನ್ನದ ನಾಣ್ಯ. ಅದರಲ್ಲಿ ಅರವತ್ತು ಲಕ್ಷ ರಾಯನಿಗೆ. ಉಳಿದದ್ದರಲ್ಲಿ ನಾಯಕರು ಇಂತಿಷ್ಟು ಕಾಲಾಳು, ಕುದುರೆ, ಆನೆ ಸಾಕಬೇಕು. ರಾಯನ ಪಾಲನ್ನು ಸಂದಾಯ ಮಾಡುವ ಕಾಲ ಮಹಾನವಮಿ. ಹಂಪಿಗೆ ಹೋದವರೆಲ್ಲ ಮಹಾನವಮಿ ದಿಬ್ಬದ ಮೇಲೆ ನಿಂತು ಫೋಟೋ ತೆಗೆಸಿಕೊಂಡಿರುತ್ತೀರಿ. ಆ ಹಬ್ಬ ಆನೆ, ಕುಸ್ತಿ, ಕುಣಿತದ ಜೊತೆಗೆ ಸಾಮ್ರಾಜ್ಯದ ವಾರ್ಷಿಕ ಲೆಕ್ಕಪತ್ರದ ದಿನವೂ ಆಗಿತ್ತು.

ಅಂದರೆ ರಾಯನ ತೆರಿಗೆ ನಿಲ್ಲುತ್ತಿದ್ದದ್ದು ನಾಯಕನ ಬಾಗಿಲಲ್ಲಿ. ಅಲ್ಲಿಂದ ಕೆಳಗೆ ಏನು ನಡೆಯುತ್ತದೆ ಅನ್ನೋದನ್ನು ರಾಯ ಹೆಚ್ಚಾಗಿ ಕೇಳುತ್ತಿರಲಿಲ್ಲ. ನಾಯಕನಿಗೂ ಊರಿನ ಒಬ್ಬೊಬ್ಬ ರೈತನ ಹೆಸರು ಬೇಕಿರಲಿಲ್ಲ. ಊರಿನಲ್ಲಿ ಗೌಡ ಇದ್ದ, ಶಾನುಭೋಗ ಇದ್ದ, ತಳವಾರ, ತೋಟಿ, ನೀರಗಂಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ, ಹೀಗೆ ಹನ್ನೆರಡು ಆಯಗಾರರಿದ್ದರು. ಊರಿನ ಪಾಲು ಇಷ್ಟು ಅಂತ ಆದರೆ, ಅದನ್ನು ಯಾರ ಮೇಲೆ ಎಷ್ಟು ಹಾಕಬೇಕು ಅನ್ನೋದು ಅವರೊಳಗೇ ತೀರ್ಮಾನ ಆಗುತ್ತಿತ್ತು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ‘ಹಾಗಾದರೆ ರಾಯರ ಕಾಲ ಸ್ವರ್ಗ’ ಅಂದುಕೊಂಡು ಎದ್ದು ಹೋಗುತ್ತೀರಿ. ಭೂಮಿ ಹಿಡಿದವರು ದಬ್ಬಾಳಿಕೆ ಮಾಡುತ್ತಾರೆ, ಅದರಿಂದ ಸಾಮಾನ್ಯ ಜನ ಬಹಳ ಕಷ್ಟಪಡುತ್ತಾರೆ ಅಂತ ಅದೇ ನೂನಿಜ್ ಬರೆಯುತ್ತಾನೆ. ಅದಕ್ಕೂ ನೂರು ವರ್ಷ ಹಿಂದೆ, ಇಮ್ಮಡಿ ದೇವರಾಯನ ಕಾಲದಲ್ಲಿ, 1429ರಲ್ಲಿ, ತಮಿಳು ಸೀಮೆಯಲ್ಲಿ ಬಲಗೈ ಎಡಗೈ ಪಂಗಡಗಳು ಒಂದಾಗಿ ತೆರಿಗೆಯ ವಿರುದ್ಧ ನಿಂತವು. ಪರಸ್ಪರ ಪೈಪೋಟಿಯ ಈ ಎರಡು ಜಾತಿಬಣ ಒಂದಾಗೋದು ಅಂದರೆ ಸುಮ್ನೆ ಮಾತಲ್ಲ. ಇಂತಿಂಥ ತೆರಿಗೆ ಮಾತ್ರ ಕೊಡುತ್ತೇವೆ, ಜಾಸ್ತಿ ಕೇಳುವವರ ಜೊತೆ ಸೇರುವುದಿಲ್ಲ ಅಂತ ತೀರ್ಮಾನ ಮಾಡಿ, ಅದನ್ನು ದೇವಸ್ಥಾನದ ಗೋಡೆ ಮೇಲೆ ಕೆತ್ತಿಸಿದರು. ಆ ಶಾಸನಗಳು ಈಗಲೂ ಇವೆ.

ನನಗೆ ಮುಖ್ಯ ಅನ್ನಿಸುವುದು ಆ ಗೋಡೆ. ಜನ ಕೂಡಿಕೊಂಡು ತೆರಿಗೆಯ ದರ ಹೇಳಬಹುದು, ಅದನ್ನು ಕಲ್ಲಿನ ಮೇಲೆ ಬರೆಸಬಹುದು ಅನ್ನೋ ಕಲ್ಪನೆ ಆಗ ಇತ್ತು. ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದು ನನಗೆ ತುಂಬಾ ಇಷ್ಟ. ಸದಾಶಿವರಾಯನ ಕಾಲದಲ್ಲಿ ಕೊಂಡೋಜ ಅನ್ನೋ ಹಜಾಮ ಇದ್ದ. ಅಧಿಕಾರ ಎಲ್ಲ ಅಳಿಯ ರಾಮರಾಯನ ಕೈಯಲ್ಲಿತ್ತು. ಕೊಂಡೋಜನ ಕೆಲಸಕ್ಕೆ ರಾಮರಾಯ ಮೆಚ್ಚಿದ. ಪರಿಣಾಮ ಏನು ಗೊತ್ತಾ? ಹಜಾಮರ ಮೇಲಿದ್ದ ತೆರಿಗೆ ಮಾಫಿ. ಒಂದು ಊರಿನಲ್ಲಲ್ಲ, ಸೀಮೆ ಸೀಮೆಗಳಲ್ಲಿ. ಬಾದಾಮಿ ಕಡೆಯಿಂದ ಹಿಡಿದು ಎಷ್ಟೋ ಕಡೆ ಈ ಮಾಫಿಯ ಶಾಸನಗಳು ಸಿಗುತ್ತವೆ. ಒಬ್ಬ ಚೆನ್ನಾಗಿ ಕ್ಷೌರ ಮಾಡಿದ್ದಕ್ಕೆ ಒಂದು ಸಮುದಾಯದ ತೆರಿಗೆ ಹೋಗುತ್ತದೆ! ಇದು ನ್ಯಾಯವಾ? ಅಲ್ಲ. ನಾಳೆ ಇನ್ನೊಬ್ಬರಿಗೆ ಕೋಪ ಬಂದರೆ ಅದೇ ತೆರಿಗೆ ವಾಪಸ್ ಬರಬಹುದು. ಆದರೆ ಅಧಿಕಾರಕ್ಕೆ ಒಂದು ಕಿವಿ ಇತ್ತು, ಆ ಕಿವಿಯ ಹತ್ತಿರ ಹೋಗುವ ದಾರಿಗಳೂ ಇದ್ದವು.

ಈಗ ಮೊಗಲರು. ನಮ್ಮಲ್ಲಿ ಮೊಗಲರ ಮಾತೆತ್ತಿದರೆ ಎಲ್ಲರೂ ಆಗ್ರಾ, ದಿಲ್ಲಿ ಅನ್ನುತ್ತಾರೆ. ತುಮಕೂರಿನಿಂದ ಚಿತ್ರದುರ್ಗಕ್ಕೆ ಹೋಗುವಾಗ ಸಿರಾ ಸಿಗುತ್ತದಲ್ಲ, ಅದು ಮೊಗಲರ ಒಂದು ಪ್ರಾಂತ್ಯದ ರಾಜಧಾನಿ. ಔರಂಗಜೇಬ 1686ರಲ್ಲಿ ಬಿಜಾಪುರ ಗೆದ್ದ. ಮರುವರ್ಷ ಖಾಸಿಂ ಖಾನ್ ಸಿರಾಕ್ಕೆ ಬಂದ. ಬಸವಾಪಟ್ಟಣ, ಬೂದಿಹಾಳು, ಸಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಈ ಏಳು ಪರಗಣೆಗಳು ನೇರ ಆಡಳಿತಕ್ಕೆ. ಹರಪನಹಳ್ಳಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ, ಮೈಸೂರು ಇವೆಲ್ಲ ಕಪ್ಪ ಕೊಡಬೇಕಾದ ಸಂಸ್ಥಾನಗಳು. ಅಂದರೆ ಒಂದೇ ಪ್ರಾಂತ್ಯದಲ್ಲಿ ಎರಡು ಬಗೆ. ಕೆಲವು ಕಡೆ ಪರಗಣೆಯ ಲೆಕ್ಕದವರೆಗೆ ಹೋಗುತ್ತಾರೆ, ಕೆಲವು ಕಡೆ ಅರಮನೆ ಬಾಗಿಲಲ್ಲೇ ನಿಲ್ಲುತ್ತಾರೆ.

ಇದೇ ಖಾಸಿಂ ಖಾನ್ ಬೆಂಗಳೂರು ಗೆದ್ದು, ಅದನ್ನು ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಾರಿದ. ಈಗ ಬೆಂಗಳೂರಿನಲ್ಲಿ ಮೂರು ಲಕ್ಷಕ್ಕೆ ಬೈಕ್ ನಿಲ್ಲಿಸುವ ಜಾಗ ಸಿಗುತ್ತದೋ ಇಲ್ಲವೋ! ತಮಾಷೆ ಬಿಡಿ. ದೊಡ್ಡ ಸಾಮ್ರಾಜ್ಯದ ಸೇನಾಧಿಕಾರಿ ಒಂದು ಪೇಟೆಯನ್ನು, ಕೋಟೆಯನ್ನು ದುಡ್ಡಿಗೆ ಬಿಟ್ಟುಕೊಡುತ್ತಾನೆ, ಅದಕ್ಕಾಗಿ ಸಾಮ್ರಾಜ್ಯ ಬಿದ್ದುಹೋಗುವುದಿಲ್ಲ. ಗಡಿ, ಹಕ್ಕು, ಬಾಕಿ ಎಲ್ಲವೂ ಮಾತುಕತೆಯಲ್ಲಿ ತೀರುವ ಸಂಗತಿಗಳು.

ಹಾಗಂತ ಹಳೆಯ ಆಡಳಿತಗಳಿಗೆ ಅಳತೆ ಗೊತ್ತಿರಲಿಲ್ಲ, ಲೆಕ್ಕ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಭೂಮಿ ಅಳೆದದ್ದು ಬ್ರಿಟಿಷರು, ಅದಕ್ಕೂ ಮುಂಚೆ ಎಲ್ಲ ಅಂದಾಜಿನಲ್ಲಿ ನಡೆಯುತ್ತಿತ್ತು ಅನ್ನೋ ಮಾತು ನಮ್ಮ ತಲೆಯಲ್ಲಿ ಹೇಗೋ ಕೂತುಬಿಟ್ಟಿದೆ. ಕೆಳದಿಯ ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ಅವನು ಜಮೀನುಗಳನ್ನು ಗುಣದ ಪ್ರಕಾರ ವಿಂಗಡಿಸಿದ. ಊರುಗಳಲ್ಲಿ ಒಂದೊಂದು ಬಗೆಯ ಗದ್ದೆಯನ್ನು ಆರಿಸಿ, ಸರ್ಕಾರದ ಖರ್ಚಿನಲ್ಲೇ ಹಲವು ವರ್ಷ ಬೆಳೆ ತೆಗೆಸಿದ. ಬೀಜ ಎಷ್ಟು ಹೋಯಿತು, ಆಳಿನ ಖರ್ಚು ಎಷ್ಟು, ಬೆಳೆ ಎಷ್ಟು, ಪೇಟೆಯಲ್ಲಿ ಬೆಲೆ ಎಷ್ಟು, ಎಲ್ಲ ಬರೆಸಿದ. ಸರಾಸರಿ ತೆಗೆದು, ಅದರ ಮೇಲೆ ಕಂದಾಯ ನಿಗದಿ ಮಾಡಿದ. ಮಲೆನಾಡಿನ ಅಜ್ಜಂದಿರು ‘ಶಿವಪ್ಪ ನಾಯಕನ ಶಿಸ್ತು’ ಅನ್ನುತ್ತಿದ್ದರಲ್ಲ, ಅದು ಇದೇ. ಒಂದೇ ವರ್ಷದ ಬೆಳೆ ನೋಡಿ ದರ ಹಾಕಿದರೆ ಮೋಸ ಆಗುತ್ತದೆ ಅನ್ನೋದು ಅವನಿಗೆ ಗೊತ್ತಿತ್ತು.

ಇದನ್ನೆಲ್ಲ ಬರೆದಿಡುತ್ತಿದ್ದದ್ದು ಕಡತದಲ್ಲಿ. ಆ ಕಾಲದ ಕಡತ ನೋಡಿದ್ದೀರಾ? ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲಿನ ಪುಡಿ ಸೇರಿಸಿ ಬಳಿಯುತ್ತಾರೆ. ಒಣಗಿದ ಮೇಲೆ ಅದು ಕಪ್ಪು ಹಲಗೆ ಥರ ಗಟ್ಟಿಯಾಗುತ್ತದೆ. ಮಡಿಕೆ ಮಡಿಕೆಯಾಗಿ ಮಡಚಬಹುದು. ಬಳಪದಲ್ಲಿ ಬರೆಯಬಹುದು, ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಒರೆಸಬಹುದು ಅನ್ನೋದನ್ನು ಸ್ವಲ್ಪ ಗಮನದಲ್ಲಿಡಿ. ಶಾನುಭೋಗನ ಶಕ್ತಿ ಇದ್ದದ್ದು ಅಲ್ಲೇ. ಆ ಕಡತ ಅವನ ಮನೆಯಲ್ಲಿರುತ್ತಿತ್ತು, ಅವನ ಮೋಡಿ ಅಕ್ಷರ ಅವನಿಗೇ ಅರ್ಥವಾಗುತ್ತಿತ್ತು. ಬರ ಬಂದ ವರ್ಷ ಒಬ್ಬನ ಗದ್ದೆ ‘ಬೀಳು’ ಅಂತ ಬರೆಯಬೇಕಾ ಬೇಡವಾ ಅನ್ನೋದು ಅವನ ಬಳಪದಲ್ಲಿತ್ತು. ಇದರಿಂದ ಬದುಕಿದವರೂ ಇದ್ದಾರೆ, ಹಾಳಾದವರೂ ಇದ್ದಾರೆ.

ಹೈದರ್ 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ. ಶಿಸ್ತಿನ ದರ ಹಾಗೇ ಇಟ್ಟು, ಅದರ ಮೇಲೆ ಶಾಮಿಲು ಅಂತ ಹೆಚ್ಚುವರಿ ಹಾಕಿದ. ಟಿಪ್ಪು ಇನ್ನೂ ಮುಂದೆ ಹೋದ. ಪಾಳೇಗಾರರನ್ನು ಬಹುಮಟ್ಟಿಗೆ ಕಿತ್ತುಹಾಕಿ, ಸಂಬಳದ ಅಮಲ್ದಾರರನ್ನು ಕೂರಿಸಿದ. ಮಧ್ಯದವರನ್ನು ದಾಟಿ ರೈತನ ಹತ್ತಿರ ಹೋಗುವ ಆಸೆ ಕಂಪನಿಗಿಂತ ಮೊದಲೇ ಶ್ರೀರಂಗಪಟ್ಟಣದಲ್ಲಿ ಹುಟ್ಟಿತ್ತು. ಯಾಕೆ? ಯುದ್ಧ. ಕಂಪನಿಯ ಜೊತೆ ಮೇಲಿಂದ ಮೇಲೆ ಯುದ್ಧ, ಸೈನ್ಯಕ್ಕೆ ನಗದು ಬೇಕು. ನಾಯಕನ ಪಾಲು, ದೇಸಾಯಿ ಪಾಲು ಅಂತ ಮಧ್ಯದಲ್ಲಿ ಸೋರಿಹೋದರೆ ಆಗುವುದಿಲ್ಲ. ವಸಾಹತು ಆಡಳಿತ ಆಕಾಶದಿಂದ ಇಳಿದದ್ದಲ್ಲ ಅಂತ ನಾನು ಹೇಳೋದು ಇದಕ್ಕೇ.

1799ರ ಮೇ 4ರಂದು ಟಿಪ್ಪು ಸತ್ತ. ಕರಾವಳಿಯ ಕೆನರಾ ಕಂಪನಿಗೆ ಹೋಯಿತು. ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ತಮಿಳು ಸೀಮೆಯ ಬಾರಾಮಹಲಿನಲ್ಲಿ ಕ್ಯಾಪ್ಟನ್ ರೀಡ್ ಕೈಕೆಳಗೆ ರೈತವಾರಿ, ಅಂದರೆ ಒಬ್ಬೊಬ್ಬ ರೈತನಿಂದಲೇ ನೇರವಾಗಿ ಕಂದಾಯ ತೆಗೆದುಕೊಳ್ಳುವ ಪದ್ಧತಿ, ಕಲಿತು ಬಂದಿದ್ದ. ಇಲ್ಲಿಗೆ ಬಂದು ನೋಡಿದರೆ ರೈತರು ಕಚೇರಿಗೇ ಬರಲಿಲ್ಲ. ಮೊದಲು ಕಂದಾಯ ಇಳಿಸುತ್ತೇವೆ ಅಂತ ಹೇಳಿ, ಆಮೇಲೆ ಬರುತ್ತೇವೆ ಅಂದರು. ಅಲ್ಲಿನ ಹಳೆಯ ಪದ್ಧತಿ ಅದು. ಮನ್ರೋ ಹೊಸದಾಗಿ ಅಳತೆಗೆ ಕೂರಲಿಲ್ಲ. ಕೆಳದಿಯ ಶಿಸ್ತು ಎಷ್ಟಿತ್ತು, ಹೈದರ್ ಎಷ್ಟು ಸೇರಿಸಿದ ಅಂತ ಹಳೆಯ ಲೆಕ್ಕ ತೆಗೆಸಿ, ಅದರ ಆಧಾರದ ಮೇಲೇ ಜಮಾಬಂದಿ, ಅಂದರೆ ಕಂದಾಯದ ನಿಗದಿ, ಮಾಡಿದ. ಟಿಪ್ಪುವಿನ ಕೊನೆಯ ಕಾಲದ ದರಕ್ಕಿಂತ ಅದು ಕಡಿಮೆಯೇ ಇತ್ತು.

ಹಾಗಾದರೆ ಬದಲಾದದ್ದು ಏನು? ಲೆಕ್ಕ ಹಳೆಯದು, ಶಾನುಭೋಗ ಹಳೆಯವನು, ದರವೂ ಸ್ವಲ್ಪ ಕಡಿಮೆ.

ಬದಲಾದದ್ದು ದುಡ್ಡು ಹೋಗುವ ದಾರಿ, ಮತ್ತೆ ಅದು ತಲುಪಬೇಕಾದ ತಾರೀಖು. ಕಂಪನಿ ಮೂಲತಃ ವ್ಯಾಪಾರಿ. 1765ರಲ್ಲಿ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಸಿಕ್ಕಿದ ಮೇಲೆ ಅವರು ಮಾಡಿದ್ದೇನು? ಅಲ್ಲಿನ ರೈತನಿಂದ ತೆಗೆದ ಕಂದಾಯದಲ್ಲೇ ಅಲ್ಲಿನ ಬಟ್ಟೆ, ರೇಷ್ಮೆ ಕೊಂಡು ಲಂಡನ್‌ಗೆ ಕಳಿಸಿದರು. ನಾಯಕ ಎಷ್ಟೇ ದುಷ್ಟನಾದರೂ ಅವನ ಕುದುರೆಗೆ ಹುಲ್ಲು ಇದೇ ಸೀಮೆಯಲ್ಲಿ ಕೊಳ್ಳಬೇಕಿತ್ತು. 1793ರಲ್ಲಿ ಬಂಗಾಳದ ಜಮೀನ್ದಾರರಿಗೆ ಕಾಯಂ ಕಂದಾಯ ಮಾಡಿದರು. ಗೊತ್ತುಮಾಡಿದ ದಿನ ಸೂರ್ಯ ಮುಳುಗುವುದರೊಳಗೆ ಹಣ ಕಟ್ಟದಿದ್ದರೆ ಜಮೀನ್ದಾರಿ ಹರಾಜು. ಜನ ಅದನ್ನು ಸೂರ್ಯಾಸ್ತದ ಕಾನೂನು ಅಂತಲೇ ಕರೆದರು. ಮಹಾನವಮಿಗೆ ಬಾಕಿ ಉಳಿಸಿಕೊಂಡ ನಾಯಕನೂ ಬೈಸಿಕೊಳ್ಳುತ್ತಿದ್ದ, ಸೀಮೆ ಕಳೆದುಕೊಳ್ಳಲೂಬಹುದಿತ್ತು. ಆದರೆ ಅವನು ಬೈಸಿಕೊಳ್ಳಲು ಎದುರಿಗೆ ಒಬ್ಬ ರಾಯ ಕೂತಿರುತ್ತಿದ್ದ. ಸೂರ್ಯನ ಹತ್ತಿರ ಯಾರು ಚೌಕಾಸಿ ಮಾಡುತ್ತಾರೆ?

ನಮ್ಮ ಮೈಸೂರಿಗೆ ಬನ್ನಿ. 1799ರ ಒಪ್ಪಂದದಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. ಕಂಪನಿಯ ಸೈನ್ಯದ ಖರ್ಚಿಗೆ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ ಕೊಡಬೇಕು, ರೂಪಾಯಿಯಲ್ಲಿ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ. ಕೊಡುವುದು ಹೇಗೆ? ಹನ್ನೆರಡು ತಿಂಗಳ ಹನ್ನೆರಡು ಸಮ ಕಂತು. ಯೋಚನೆ ಮಾಡಿ. ರಾಗಿ ಬೆಳೆಯುವ ನಾಡು. ವರ್ಷಕ್ಕೊಮ್ಮೆ ಸುಗ್ಗಿ. ಸುಗ್ಗಿಗೂ ಈ ಕಂತಿಗೂ ಸಂಬಂಧವೇ ಇಲ್ಲ. ಕಂತು ತಪ್ಪಬಹುದು ಅಂತ ಅನುಮಾನ ಬಂದರೂ ಸಾಕು, ರಾಜ್ಯವನ್ನೇ ವಶಕ್ಕೆ ತೆಗೆದುಕೊಳ್ಳಬಹುದು ಅಂತ ಒಪ್ಪಂದದಲ್ಲೇ ಬರೆದಿತ್ತು. ಸೀಮೆಗಳ ಅಧಿಕಾರಿಗಳಾದ ಫೌಜುದಾರರು ‘ಇಷ್ಟು ವಸೂಲಿ ಮಾಡಿಕೊಡುತ್ತೇನೆ’ ಅಂತ ಶರ್ತಿಗೆ ಬರೆದುಕೊಟ್ಟು, ಊರುಗಳನ್ನು ಹಿಂಡಿದರು. 1830ರಲ್ಲಿ ನಗರ ಸೀಮೆಯ, ಅಂದರೆ ಹಳೆಯ ಬಿದನೂರಿನ ಕಡೆಯ, ರೈತರು ಎದ್ದರು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆ ಒಪ್ಪಂದವನ್ನೇ ಮುಂದಿಟ್ಟು ರಾಜ್ಯವನ್ನು ವಶಕ್ಕೆ ತೆಗೆದುಕೊಂಡ. ಐವತ್ತು ವರ್ಷ ಮೈಸೂರನ್ನು ಕಮಿಷನರುಗಳು ಆಳಿದರು. ಅರಸರ ದುಂದುಗಾರಿಕೆ ಅಂತ ಎಲ್ಲ ಪುಸ್ತಕಗಳಲ್ಲೂ ಇದೆ. ದುಂದು ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಹನ್ನೆರಡು ಕಂತುಗಳನ್ನು ಪಕ್ಕದಲ್ಲಿಟ್ಟುಕೊಂಡೇ ಆ ಮಾತು ಓದಬೇಕು.

ಅದೇ ಸಮಯಕ್ಕೆ ಕರಾವಳಿಯಲ್ಲಿ ಏನಾಗುತ್ತಿತ್ತು? 1820ರ ದಶಕದ ಕೊನೆಗೆ ಅಕ್ಕಿಯ ಬೆಲೆ ಬಿತ್ತು. ಕಂದಾಯ ನಗದಿನಲ್ಲಿ ನಿಗದಿಯಾಗಿತ್ತು, ಅದು ಬೀಳಲಿಲ್ಲ. ಮೊದಲು ಹತ್ತು ಮುಡಿ ಅಕ್ಕಿ ಮಾರಿ ಕಟ್ಟುತ್ತಿದ್ದವನು ಈಗ ಇನ್ನೂ ಜಾಸ್ತಿ ಮುಡಿ ಮಾರಬೇಕು. ಕಾಗದದಲ್ಲಿ ಕಂದಾಯ ಒಂದು ಕಾಸೂ ಏರಿಲ್ಲ ನೋಡಿ, ಮನೆಯ ಪಣತ (ಕಣಜ) ಮಾತ್ರ ಖಾಲಿ! ಉಪ್ಪು, ಹೊಗೆಸೊಪ್ಪಿನ ಮೇಲೆ ಕಂಪನಿಯದೇ ಏಕಸ್ವಾಮ್ಯ ಬೇರೆ. 1830-31ರಲ್ಲಿ ರೈತರು ಕೂಟ ಕಟ್ಟಿದರು. ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಸೇರಿದರು. ಅರ್ಜಿ ಬರೆದರು. ಕಂದಾಯ ಕಟ್ಟುವುದಿಲ್ಲ ಅಂದರು. ಕತ್ತಿ ಎತ್ತಲಿಲ್ಲ. ಗಾಂಧಿ ಹುಟ್ಟುವುದಕ್ಕೆ ಇನ್ನೂ ಮೂವತ್ತೆಂಟು ವರ್ಷ ಇತ್ತು. ನನ್ನ ಪ್ರಕಾರ ಅದು 1429ರ ಶಾಸನದವರು ಮಾಡಿದ ಕೆಲಸವೇ. ಕೂಡಿಕೊಂಡು ದರ ಹೇಳುವುದು. ಮೊದಲು ಅದು ಆಡಳಿತದ ಒಳಗೇ ಇದ್ದ ಒಂದು ದಾರಿ. ಕಂಪನಿಯ ಭಾಷೆಯಲ್ಲಿ ಅದು ಪಿತೂರಿ.

ಏಳು ವರ್ಷದ ಮೇಲೆ ಕತ್ತಿಯನ್ನೂ ಎತ್ತಿದರು. 1834ರಲ್ಲಿ ಕೊಡಗನ್ನು ಕಂಪನಿ ನುಂಗಿತು. ಅಮರ ಸುಳ್ಯ, ಪುತ್ತೂರಿನ ಕಡೆಯ ಭಾಗಗಳನ್ನು ಕೊಡಗಿನಿಂದ ತೆಗೆದು ಕೆನರಾಕ್ಕೆ ಸೇರಿಸಿತು. ಕೊಡಗಿನ ಅರಸರ ಕಾಲದಲ್ಲಿ ಅಲ್ಲಿನವರು ಕಂದಾಯವನ್ನು ಭತ್ತ, ಅಡಿಕೆ ಥರ ಬೆಳೆಯ ರೂಪದಲ್ಲೇ ಕೊಡಬಹುದಿತ್ತು. ಈಗ ನಗದೇ ಬೇಕು. ಕಾಡಿನ ನಡುವಿನ ಸುಳ್ಯದಲ್ಲಿ ನಗದು ಎಲ್ಲಿಂದ ಬರಬೇಕು? ವ್ಯಾಪಾರಿ ಹತ್ತಿರ ಹೋಗಿ, ಅವನು ಹೇಳಿದ ಬೆಲೆಗೆ ಬೆಳೆ ಕೊಟ್ಟು, ಸಾಲಕ್ಕೆ ಬೀಳಬೇಕು. ಅರಸ ಬದಲಾದದ್ದಕ್ಕಿಂತ ಅಳತೆ ಸೇರಿನಿಂದ ರೂಪಾಯಿಗೆ ಬದಲಾದದ್ದು ಅವರಿಗೆ ಜಾಸ್ತಿ ನೋವು ಕೊಟ್ಟಿತು ಅಂತ ನನಗೆ ಅನ್ನಿಸುತ್ತದೆ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ದಂಡು ಹೊರಟಿತು. ಶನಿವಾರಸಂತೆ ಕಡೆಯ ಪುಟ್ಟಬಸಪ್ಪನನ್ನು ಹಾಲೇರಿ ಅರಸು ಮನೆತನದ ಕಲ್ಯಾಣಸ್ವಾಮಿ ಅಂತ ಮುಂದೆ ನಿಲ್ಲಿಸಿಕೊಂಡರು. ಸುಳ್ಯ, ಪುತ್ತೂರು, ಪಾಣೆಮಂಗಳೂರು ದಾಟಿ ಏಪ್ರಿಲ್ 5ರಂದು ಮಂಗಳೂರು ಹಿಡಿದರು. ಬಾವುಟ ಗುಡ್ಡದ ಮೇಲೆ ಅವರ ಬಾವುಟ ಹಾರಿತು. ಕಂಪನಿಯವರು ಹಡಗು ಹತ್ತಿ ಕಣ್ಣೂರಿಗೆ ಓಡಿದರು. ಎರಡು ವಾರದೊಳಗೆ ಸೈನ್ಯದ ಜೊತೆ ಬಂದು ಮತ್ತೆ ಹಿಡಿದುಕೊಂಡರು, ಗಲ್ಲಿಗೇರಿಸಿದರು. ಕರಾವಳಿಯವರು ಇದನ್ನು ಇವತ್ತಿಗೂ ಕಲ್ಯಾಣಪ್ಪನ ಕಾಟಕಾಯಿ ಅಂತಲೇ ಹೇಳುತ್ತಾರೆ.

ಕಿತ್ತೂರನ್ನೂ ಇದೇ ಕಣ್ಣಿನಿಂದ ನೋಡಬಹುದು. ಮಕ್ಕಳಿಲ್ಲದ ದೇಸಾಯಿ ದತ್ತು ತೆಗೆದುಕೊಂಡರೆ, ಮೇಲಿನ ದೊರೆಗೆ ನಜರು ಒಪ್ಪಿಸಿ ಒಪ್ಪಿಗೆ ಪಡೆಯುವುದು ಹಳೆಯ ರೂಢಿ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಅವನೇ ಸತ್ತ. ಮುಂದಿನದು ನಿಮಗೆ ಗೊತ್ತು.

ಇನಾಮು, ಅಂದರೆ ದಾನವಾಗಿ ಬಿಟ್ಟ ಭೂಮಿ, ಅದರ ವಿಷಯದಲ್ಲೂ ಇದೇ ಕಥೆ. ಕಾಗದ ಎಲ್ಲಿದೆ ತೋರಿಸಿ ಅಂತ ಕಂಪನಿಯವರು ಕೇಳಿದರು, ತೋರಿಸದಿದ್ದರೆ ಜಪ್ತಿ. ಮಂತ್ರಾಲಯದ ಮಠದ ಭೂಮಿಯ ವಿಚಾರಣೆಗೆ ಮನ್ರೋ ಹೋದಾಗ ಬೃಂದಾವನದಿಂದ ರಾಘವೇಂದ್ರ ಸ್ವಾಮಿಗಳೇ ಅವನ ಜೊತೆ ಮಾತಾಡಿದರು, ಭೂಮಿ ಮಠಕ್ಕೇ ಉಳಿಯಿತು ಅಂತ ಕಥೆ ಇದೆಯಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಕಂಪನಿಯ ಹತ್ತಿರ ವಾದ ಮಾಡಿ ಗೆಲ್ಲಬೇಕಾದರೆ ರಾಯರೇ ಬರಬೇಕು ಅಂತ ಜನರಿಗೆ ಅನ್ನಿಸಿತ್ತು ಅನ್ನೋದಂತೂ ಅದರಿಂದ ಗೊತ್ತಾಗುತ್ತದೆ.

ಕೆರೆಗಳ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಹೋಲಿಕೆ ಅರ್ಧಕ್ಕೆ ನಿಲ್ಲುತ್ತದೆ. ಹಳೆಯ ಶಾಸನಗಳಲ್ಲಿ ಕೆರೆಗೆ ಬಂಡಿ ಬಿಟ್ಟ ವಿಷಯ ಬರುತ್ತದೆ. ಹೂಳು ಹೊರುವ ಬಂಡಿ, ಎತ್ತು, ಆಳಿನ ಖರ್ಚಿಗೆ ಅಂತ ಒಂದು ತುಂಡು ಭೂಮಿ. ಕೆರೆ ಕಟ್ಟಿಸಿದವನಿಗೆ, ದುರಸ್ತಿ ಮಾಡಿದವನಿಗೆ ದಶವಂದ, ಕೆರೆಕೊಡಗೆ ಅಂತ ಭೂಮಿಯ ಕೊಡುಗೆ. ತೆರಿಗೆಯ ಒಂದು ಪಾಲು ರಾಜಧಾನಿ ನೋಡದೆ, ಅದೇ ಊರಿನ ಏರಿ ಮೇಲೆ ಮಣ್ಣಾಗಿ ಬೀಳುತ್ತಿತ್ತು. ವಸಾಹತು ಲೆಕ್ಕದಲ್ಲಿ ಇಂಥ ಭೂಮಿಯೆಲ್ಲ ಸರ್ಕಾರಕ್ಕೆ ಬರಬೇಕಾದ ಆದಾಯದ ನಷ್ಟವಾಗಿ ಕಂಡಿತು. ಮೊದಲು ದುಡ್ಡು ಖಜಾನೆಗೆ ಬರಲಿ, ಆಮೇಲೆ ಲೋಕೋಪಯೋಗಿ ಇಲಾಖೆಯಿಂದ ಮಂಜೂರು ಮಾಡೋಣ ಅನ್ನುವ ಪದ್ಧತಿ ಶುರುವಾಯಿತು. ಮಂಜೂರಾಗಿ ಬರುವಷ್ಟರಲ್ಲಿ ಎಷ್ಟು ಮಳೆಗಾಲ ಕಳೆಯುತ್ತವೆ ಅನ್ನೋದು ಹಳ್ಳಿಯಲ್ಲಿ ಇರುವ ನಿಮಗೆ ನಾನು ಹೇಳಬೇಕಾ? 1876-78ರ ಬರದಲ್ಲಿ ಮೈಸೂರು ಸೀಮೆಯ ಜನಸಂಖ್ಯೆ ಐವತ್ತು ಲಕ್ಷದಿಂದ ನಲವತ್ತೆರಡು ಲಕ್ಷಕ್ಕೆ ಬಂತು. ಬರ ಹಿಂದೆಯೂ ಬರುತ್ತಿತ್ತು, ಮಳೆ ಕೈಕೊಟ್ಟದ್ದಕ್ಕೆ ಕಮಿಷನರು ಹೊಣೆಯಲ್ಲ. ಆದರೆ ಅದು ನಡೆದದ್ದು ನೇರ ಬ್ರಿಟಿಷ್ ಆಡಳಿತದ ಕಾಲದಲ್ಲಿ, ಎಲ್ಲದಕ್ಕೂ ಫೈಲು ಇದ್ದ ಕಾಲದಲ್ಲಿ.

ಕೊನೆಗೆ, ಸಭೆಯಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. ‘ಹಾಗಾದರೆ ಕಂಪನಿ ಒಬ್ಬೊಬ್ಬ ರೈತನ ಹೆಸರಿಗೆ ಪಟ್ಟಾ ಕೊಟ್ಟದ್ದು ಒಳ್ಳೆಯದಲ್ಲವೇ?’ ಒಳ್ಳೆಯ ಪ್ರಶ್ನೆ. ಮನ್ರೋ 1820ರಲ್ಲಿ ಮದ್ರಾಸಿನ ಗವರ್ನರ್ ಆದ ಮೇಲೆ ರೈತವಾರಿ ಗಟ್ಟಿಯಾಗಿ ನೆಲೆ ನಿಂತಿತು. ಹೆಸರು, ಪಟ್ಟಾ, ನಿಗದಿಯಾದ ದರ, ಇವು ಸಣ್ಣ ವಿಷಯಗಳಲ್ಲ. ನಾಯಕನ ಮರ್ಜಿ, ಶಾನುಭೋಗನ ಬಳಪಕ್ಕಿಂತ ಅದು ಎಷ್ಟೋ ಜನರಿಗೆ ಮೇಲು ಅನ್ನಿಸಿರಬೇಕು. ಆದರೆ ಕೆನರಾದಲ್ಲಿ ಆ ‘ರೈತ’ ಯಾರು ಅಂತ ಕೇಳಿ. ಪಟ್ಟಾ ಹೋದದ್ದು ವರ್ಗದಾರನಿಗೆ, ಮೂಲಿಗೆ, ಅಂದರೆ ಭೂಮಿಯ ಒಡೆಯನಿಗೆ. ಅವನ ಕೆಳಗೆ ಕಾಯಂ ಗೇಣಿಯ ಮೂಲಗೇಣಿಯವನು, ಅವನ ಕೆಳಗೆ ವರ್ಷ ವರ್ಷ ಎಬ್ಬಿಸಬಹುದಾದ ಚಾಲಗೇಣಿಯವನು, ಅವನಿಗೂ ಕೆಳಗೆ ಭೂಮಿಯ ಜೊತೆಗೇ ಮಾರಾಟವಾಗುತ್ತಿದ್ದ ಮೂಲದ ಹೊಲೆಯರು. ಗುಲಾಮಗಿರಿಯನ್ನು ಕಾನೂನು ಒಪ್ಪದ ಹಾಗೆ ಮಾಡಿದ್ದು 1843ರಲ್ಲಿ, ಕೆನರಾ ಕಂಪನಿ ಕೈಗೆ ಬಂದು ನಲವತ್ತನಾಲ್ಕು ವರ್ಷದ ಮೇಲೆ. ಕಂಪನಿ ವಿಜಯನಗರದ ರಾಯರಿಗಿಂತ, ಕೆಳದಿಯವರಿಗಿಂತ ಎರಡು ಬಾಗಿಲು ಒಳಗೆ ಬಂದಿತ್ತು, ನಿಜ. ಅಂಗಳದಲ್ಲಿ ನಿಂತವರನ್ನು ಅದೂ ನೋಡಲಿಲ್ಲ. ಚಾಲಗೇಣಿಯವನು ಡಿಕ್ಲರೇಶನ್ ಫಾರಂ ತುಂಬಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು ‘ಉಳುತ್ತಿರುವವನು ನಾನು’ ಅಂತ ಹೇಳಿ ತನ್ನ ಹೆಸರು ಬರೆಸಿಕೊಂಡದ್ದು 1974ರ ತಿದ್ದುಪಡಿ ಬಂದ ಮೇಲೆ. ಕೂಲಿಗೆ ದುಡಿಯುತ್ತಿದ್ದವರಿಗೆ ಆ ಫಾರಂನಲ್ಲೂ ಜಾಗ ಇರಲಿಲ್ಲ.